ನಾನು ಹೆಣೆಯದ ಸ್ವೆಟರ್

ಬಾಡಿಗೆಯ ದೊಡ್ಡ ಹಂಡೆಗಳು ಹಿಂದಿನ ಸಂಜೆಯೇ ಹೋಗಿದ್ದವು. ನನ್ನ ಗಂಡನನ್ನು ಮಣ್ಣು ಮಾಡಲು ಬಂದ ನೆಂಟರೂ ಹೋಗಿದ್ದರು. ಬೆಳಿಗ್ಗೆ ಎದ್ದು ಜೋಳದ ಗಂಜಿ ಕಾಯಿಸಿದೆ, ಮೂವರಿಗಾಗುವಷ್ಟು. ಅತ್ತೆ ಪಾತ್ರೆಯೊಳಗೆ ನೋಡಿದರು, ಎರಡೇ ಬಟ್ಟಲು ತೆಗೆದಿಟ್ಟರು.

ಆಮೇಲೆ ಅಂದರು: "ಮಾಪುಲಾನೆ, ಅವನ ಬಟ್ಟೆ ಮುಟ್ಟಬೇಡಮ್ಮ. ತಿಂಗಳು ತುಂಬಿದ ಮೇಲೆ ಸೋದರಮಾವ ಬಂದು ಹಂಚ್ತಾನೆ. ಆ ಟೋಪಿ ಸ್ವೆಟರ್ ಮಾತ್ರ ನಾನು ಯಾರಿಗೂ ಬಿಡಲ್ಲ. ಹೆಂಡ್ತಿ ಹೆಣೆದದ್ದು ಅಂತ ಊರಿಗೆಲ್ಲ ತೋರಿಸ್ಕೊಂಡು ಓಡಾಡ್ತಿದ್ದ."

ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೊಖೊತ್ಲೊಂಗ್ ದಾರಿಯಲ್ಲಿ ಉಣ್ಣೆಯ ಲಾರಿ ಉರುಳಿ ಸೆಯಾಬಾತಾ ಸತ್ತ ದಿನ ಬಿಸಿಲಿತ್ತು. ಅವನು ಸ್ವೆಟರನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಗುಂಡಿಯ ಬಳಿ ಪಾದ್ರಿ ಕೂಡ ಆ ಸ್ವೆಟರಿನ ಮಾತೆತ್ತಿ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿದೆ. ದುಃಖ ಅಂದುಕೊಂಡರು.

ನಾನು ಹೆಣೆದದ್ದು ಮಂಚದ ಕೆಳಗೆ ಹಿಟ್ಟಿನ ಚೀಲದಲ್ಲಿತ್ತು. ಎರಡು ಚಳಿಗಾಲದ ಕೆಲಸ. ಬೆನ್ನು, ಎದೆ, ತೋಳು, ಟೋಪಿ ಎಲ್ಲ ಮುಗಿದಿತ್ತು. ಟೋಪಿಯ ನೆತ್ತಿ ಹೊಲಿದಿರಲಿಲ್ಲ. ನೂಲಿನ ತುದಿಗಳು ಒಳಗೆಲ್ಲ ಜೋತಾಡುತ್ತಿದ್ದವು. ಜಿಪ್ ಮೂರು ಸಲ ಹೊಲಿದೆ, ಮೂರು ಸಲ ಬಿಚ್ಚಿದೆ. ಪ್ರತಿ ಸಲವೂ ಹೆಣಿಗೆ ಎಳೆದುಕೊಂಡು ಎದೆಯ ಅಂಚು ಅಲೆಯಲೆಯಾಗಿ ಏಳುತ್ತಿತ್ತು.

"ಯೂನಿವರ್ಸಿಟೀಲಿ ಇದನ್ನ ಕಲಿಸ್ಲಿಲ್ವೇನೇ?" ಎಂದು ಸೆಯಾಬಾತಾ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ, ನಮ್ಮ ಕಡೆ ಚಳಿ ಬಲಿಯುವ ಹೊತ್ತಿಗೆ, ಅವನು ಬೇರೊಂದು ಸ್ವೆಟರ್ ತಂದ. ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಅವನ ಜೊತೆಗಾರ ಮೊತ್ಸಮಾಯಿಯದು. ಮೊತ್ಸಮಾಯಿ ಹುಡುಗನಾಗಿದ್ದಾಗ ಕುರಿ ಕಾಯುತ್ತ ಕಲಿತ ಹೆಣಿಗೆ.

"ಜಿಪ್ ಹೆಂಗೆ ಕೂತಿದೆ ನೋಡು. ಎರಡು ದಿನಕ್ಕೆ ಅಂತ ಕೇಳಿ ತಂದಿದೀನಿ."

"ಅಷ್ಟು ಚೆನ್ನಾಗಿದ್ರೆ ಅದನ್ನೇ ಹಾಕ್ಕೊಂಡು ಸಾಯಿ," ಎಂದೆ.

ಅವನು ಹಾಕಿಕೊಂಡ. ಯಾರು ಕೇಳಿದರೂ ನನ್ನ ಹೆಸರು ಹೇಳಿದ. ಮೊತ್ಸಮಾಯಿ ಅದನ್ನು ವಾಪಸ್ ಕೇಳಲಿಲ್ಲ.

ಮಣ್ಣು ಮಾಡಿದ ದಿನ ಮೊತ್ಸಮಾಯಿ ಆ ಗಾಳಿಯಲ್ಲಿ ಬರೀ ಅಂಗಿ ತೊಟ್ಟು ಗುಂಡಿಗೆ ಮಣ್ಣೆಳೆದ. ಪಾದ್ರಿ ಹೊಗಳುವಾಗ ಅವನು ನನ್ನ ಕಡೆ ನೋಡಲಿಲ್ಲ.

ನಾನು ಎದ್ದು ಮೊಳೆಯಿಂದ ಸ್ವೆಟರ್ ತೆಗೆದೆ.

"ಏ, ಮುಟ್ಟಬೇಡ ಅಂದ್ನಲ್ಲ!"

"ಇದು ಅವನದಲ್ಲ ಅಮ್ಮ. ಮೊತ್ಸಮಾಯಿದು. ಹೆಣೆದದ್ದೂ ಅವನೇ." ಚೀಲ ಎಳೆದು ಅವರ ಮಡಿಲಲ್ಲಿಟ್ಟೆ. "ನಂದು ಇದು."

ಅತ್ತೆ ಎದೆಯ ಅಲೆಗಳ ಮೇಲೆ ಬೆರಳಾಡಿಸಿದರು. "ಹಂಗಾದ್ರೆ ನನ್ನ ಮಗ ಊರಿಗೆಲ್ಲ ಸುಳ್ಳು ಹೇಳಿದ್ನಾ?"

"ನನ್ನ ಮಾನ ಉಳಿಸೋಕೆ."

ಅವರು ಜೋತಾಡುತ್ತಿದ್ದ ಒಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತರು. ಕೊನೆಗೆ, "ಹೋಗು. ಮೈಮೇಲೆ ಸೂತಕದ ಕರಿಬಟ್ಟೆ ಇದೆ, ಅವರ ಹೊಸ್ತಿಲು ದಾಟಬೇಡ," ಎಂದರು.

ಮೊತ್ಸಮಾಯಿಯ ಬಾಗಿಲ ಹೊರಗೆ ನಿಂತು ಕೂಗಿದೆ. ನಲ್ಲಿಯ ಬಳಿ ಹೆಂಗಸರು ನೀರು ಹಿಡಿಯುತ್ತಿದ್ದರು. ಅವನು ಕಂಬಳಿ ಹೊದ್ದು ಬಂದ.

"ಇದಕ್ಕೆ ಬಂದ್ಯಾ ತಂಗಿ? ಮನೇಲೇ ಇರ್ಲಿ ಬಿಡು. ನಾನು ಯಾರಿಗೂ ಹೇಳಲ್ಲ," ಎಂದ ಮೆಲ್ಲಗೆ.

"ನಿನ್ನ ಸ್ವೆಟರ್ ಅಣ್ಣ. ನೀನು ಹೆಣೆದದ್ದು," ಎಂದೆ, ನಲ್ಲಿಯವರೆಗೂ ಕೇಳುವಂತೆ.

ಯಾರೋ ಬಕೆಟ್ ಕೆಳಗಿಟ್ಟ ಸದ್ದಾಯಿತು.

ಅವನು ಎರಡೂ ಕೈಚಾಚಿ ತೆಗೆದುಕೊಂಡ. "ಜಿಪ್ ತೋರಿಸ್ಬೇಕು ಅಂತಾನೇ ತಗೊಂಡು ಹೋಗಿದ್ದ. ತೋರಿಸಿದ್ನಾ?"

"ತೋರಿಸಿದ. ನಾನೇ ನೋಡ್ಲಿಲ್ಲ."