ಮೂರನೆಯ ಚೌಕ

ಒಂದು ಚಪ್ಪಾಳೆಯ ಆಸೆಗೆ ನೀವು ಎಂದೂ ಸುಳ್ಳಿಗೆ ಸಹಿ ಹಾಕಿಲ್ಲವೆ? ಹಾಕಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಮಾತ್ರ ಈ ಪಶುವೈದ್ಯನನ್ನು ನೋಡಿ ನಗಲಿ.

ಅವನಾದರೋ ನಗುತ್ತಲೇ ಇದ್ದ. ಮೃಗಾಲಯದ ಚಿಕಿತ್ಸಾ ಕೊಠಡಿಯಲ್ಲಿ ಮಂಡಿಯೂರಿ, ಮುದಿ ಆಮೆಯೊಂದು ಸೊಪ್ಪಿನ ಎಲೆಯನ್ನು ಹರಿದು ನುಂಗಿದ್ದನ್ನು ಕಂಡು, ಕಚಗುಳಿ ಇಡಿಸಿಕೊಂಡವನಂತೆ ನಗುತ್ತಿದ್ದ. ಹತ್ತೊಂಬತ್ತು ದಿನಗಳಿಂದ ಅದು ತಾನಾಗಿ ಬಾಯಿ ತೆರೆದಿರಲಿಲ್ಲ. ಹರ್ಪಿಸ್ ವೈರಸ್ಸು ಅದರ ನಾಲಗೆಯ ಮೇಲೆ ಹಳದಿ ಪೊರೆ ಕಟ್ಟಿತ್ತು. ದಿನವೂ ಅದರ ತಲೆ ಚಿಪ್ಪಿನಿಂದ ಹೊರಬರುವವರೆಗೆ ಕಾದು, ಅಸೈಕ್ಲೋವಿರ್ ಮಾತ್ರೆಯನ್ನು ಅರೆದು, ನೀರಿನಲ್ಲಿ ಕದಡಿ, ಸಣ್ಣ ನಳಿಕೆಯಿಂದ ಹೊಟ್ಟೆಗಿಳಿಸಿದ್ದ. ಅವನಿಗಾಗಿ ಯಾರೂ ಅಷ್ಟು ಹೊತ್ತು ಕಾದದ್ದಿಲ್ಲ, ಅವನೂ ಯಾರಿಗಾಗಿಯೂ.

ಹೆಂಡತಿಗೆ ಫೋನ್ ಮಾಡಿದ.

"ತಿಂತು ಕಣೇ! ಪೂರ್ತಿ ಎಲೆ!"

"ನೀವು ತಿಂದ್ರಾ?"

"ನಾನಾ? ಏನನ್ನ?"

"ಬಿಡಿ. ನನಗೂ ಒಂದು ಚಿಪ್ಪಿದ್ದಿದ್ರೆ ಚೆನ್ನಾಗಿತ್ತು."

ಮಾತು ತಾಕಲಿಲ್ಲ. ಅವನ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿ ಇಡೀ ಸಿಬ್ಬಂದಿಯನ್ನು ಕಟ್ಟಿಕೊಂಡು ಬಂದ. "ಹೋಯ್ತು ಅಂತ ಗುಂಡಿ ತೋಡಿಸಿದ್ದೆನಲ್ರೀ ಡಾಕ್ಟ್ರೇ! ಯಮನಿಗೇ ಟೋಪಿ ಹಾಕಿದ್ರಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೊಂದು ವರ್ಷಗಳ ನೌಕರಿಯಲ್ಲಿ ಅದೇ ಮೊದಲು. ವೈದ್ಯನ ತಲೆ ಗಾಳಿಪಟವಾಯಿತು.

"ಇವತ್ತೇ ಮಿಕ್ಕವುಗಳ ಜೊತೆ ಬಿಟ್ಟುಬಿಡೋಣ."

"ಸಾರ್, ಔಷಧ ವೈರಸ್ಸನ್ನ ಮಲಗಿಸುತ್ತೆ ಅಷ್ಟೆ, ಕೊಲ್ಲಲ್ಲ. ಇದು ಬದುಕಿರೋವರೆಗೂ ಮಿಕ್ಕವಕ್ಕೆ ರೋಗ ಅಂಟಿಸ್ತಾ..."

"ಬದುಕಿದೆ ತಾನೆ? ಹಾಗಂತ ಬರೀರಿ."

ಚಿಕಿತ್ಸೆ ಮುಗಿದಾಗ ತುಂಬುವ ಚೀಟಿಯಲ್ಲಿ ಎರಡೇ ಚೌಕಗಳು: 'ಗುಣವಾಯಿತು', 'ಸತ್ತಿತು'. 'ಬದುಕಿದೆ, ರೋಗ ಒಳಗಿದೆ, ಒಂಟಿಯಾಗಿಡಿ' ಎಂಬ ಮೂರನೆಯದು ಬೇಕೆಂದು ಅವನು ಮೂರು ಸಲ ಅರ್ಜಿ ಕೊಟ್ಟಿದ್ದ. ಚೀಟಿಗಳು ಆಗಲೇ ಅಚ್ಚಾಗಿವೆ ಎಂಬ ಉತ್ತರ ಬಂದಿತ್ತು. ಆದರೆ ಅಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಒಂದು ಸಾಲು ಬರೆದಿದ್ದರೆ ಓದಿದ ವಿದ್ಯೆಯ ಮಾನ ಉಳಿಯುತ್ತಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಅದೂ ಪ್ರೀತಿಯಿಂದ. ಮೊದಲ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದ.

"ಯಾಕೆ ಹೀಗೆ ನಗ್ತಿದ್ದೀರಿ ಡಾಕ್ಟ್ರೇ?" ಆಮೆಗಳನ್ನು ನೋಡಿಕೊಳ್ಳುವ ಹೆಂಗಸು ಕೇಳಿದಳು.

"ಖುಷಿಗಮ್ಮ, ಖುಷಿಗೆ!"

ಅವಳು ರೋಗಿಯನ್ನು ಎತ್ತಿಕೊಂಡು ಹೋಗಿ ಬಿಸಿಲಿನ ಅಂಗಳದಲ್ಲಿಳಿಸಿದಳು. ಅಲ್ಲಿದ್ದ ನಲವತ್ತು ಆರೋಗ್ಯವಂತ ಆಮೆಗಳು ಒಮ್ಮೆಲೇ ಕತ್ತು ನೀಡಿದವು. ಎಷ್ಟು ಮರ್ಯಾದೆಯ ಸ್ವಾಗತ! ಎಲ್ಲಕ್ಕಿಂತ ಚಿಕ್ಕದು ಮೂತಿ ಮುಂದೆ ಮಾಡಿ ರೋಗಿಯತ್ತ ಹೊರಟಿತು. ವೈದ್ಯ ಬೇಲಿಗೆ ಆತು ನಿಂತ. ಬೇಡ ಎನ್ನಲು ಬಾಯಿ ತೆರೆದರೆ ನಗು ಬಂತು. ಮತ್ತೆ ತೆರೆದ, ಮತ್ತೆ ನಗು. ಕಣ್ಣಲ್ಲಿ ನೀರು ಬರುವಷ್ಟು ನಗು.

ಮೂತಿಗೂ ಮೂತಿಗೂ ನಡುವೆ ಇನ್ನೂ ಎರಡು ಗೇಣಿದೆ. ಆಮೆಯ ನಡಿಗೆ, ಸಮಯವಿಲ್ಲವೆಂಬ ನೆವ ನಿಮಗಿಲ್ಲ. ಅವನಿಂದಾಗದು. ದಯವಿಟ್ಟು ನೀವು ಕೂಗಿ.