ಓಣಿಯವರು ಮುಚ್ಚಿದ ಗುಂಡಿ

ಆಶ್ಲೇಷ ಮಳೆ ಹಿಡಿದಿದ್ದ ಕಾಲ, ದನ ಮನೆಗೆ ಬರುವ ಹೊತ್ತು. ಪಕ್ಕದ ಮನೆಯ ಪಾಲಾಕ್ಷ ಕೂಡ್ಲಿಗಿಗೆ ಬಾಡಿಗೆ ಹೋಗಿ ಬರುವಾಗ, ಊರ ಮುಂದಿನ ಗುಂಡಿಗೆ ಕಾರು ಇಳಿದು ಸೈಲೆನ್ಸರ್ ಮುರಿದುಬಿತ್ತು. ಅವನ ಮನೆ ನಡೆಯುವುದೇ ಆ ಕಾರಿನಿಂದ. ಪರಿಹಾರಕ್ಕೆಂದು ರಸ್ತೆ ಇಲಾಖೆಯ ಆಫೀಸಿಗೆ ಅರ್ಜಿ ಕೊಟ್ಟ.

“ಫೋಟೋ ನಡಿಯಂಗಿಲ್ಲ. ಇಂಜಿನಿಯರ್ ಬಂದು ಗುಂಡಿ ನೋಡೋತನಕ ಗಾಡಿ ರಿಪೇರಿ ಮಾಡಿಸಬ್ಯಾಡ್ರಿ” ಎಂದರು ಆಫೀಸಿನವರು. ಕಾರು ಮನೆ ಮುಂದೆ ನಿಂತೇ ಇತ್ತು. ಬಾಡಿಗೆಯವರು ಬೇರೆ ಗಾಡಿ ನೋಡಿಕೊಂಡರು.

ಕೊನೆಗೆ ಗುರುವಾರ ಬರುತ್ತೇವೆಂದು ಫೋನು ಬಂತು. ಇದ್ಯಾವುದನ್ನೂ ಅವನು ನಮಗೆ ಹೇಳಿರಲಿಲ್ಲ. ಬುಧವಾರ ತಂಗಿ ಗೀತಮ್ಮನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಹಂಪಸಾಗರಕ್ಕೆ ಹೋದ. ಬಸುರಿ ಮಗಳು ತವರಿಗೆ ಬರುವ ದಾರಿಯನ್ನು ಓಣಿಯವರೇ ಸಮ ಮಾಡುವುದು ನಮ್ಮಲ್ಲಿ ರೂಢಿ. ನಾವೆಲ್ಲ ಸೇರಿ ಗುಂಡಿಗೆ ಗರಸು ಮಣ್ಣು ತುಂಬಿ ಕುಟ್ಟಿದೆವು.

ಆಟೋ ಇಳಿದ ಪಾಲಾಕ್ಷನ ಮುಖ ಬಿಳಿಚಿಕೊಂಡಿತು.

“ಯಾರ್ರಿ ಅದನ್ನ ಮುಚ್ಚಿದ್ದು?”

“ನಾವಲೇ!” ಎಂದ ಓಣಿಯ ಬೊಮ್ಮಪ್ಪ ಹೆಮ್ಮೆಯಿಂದ. “ನಿನ್ ತಂಗಿ ಹೊಟ್ಟ್ಯಾಗಿನ ನೀರು ಅಲುಗಾಡೈತೇನು, ಕೇಳು!”

“ಇಲ್ಲಣ್ಣ, ತೊಟ್ಟಿಲಾಗ ಕುಂತಂಗಾತು” ಎಂದು ಗೀತಮ್ಮ ನಕ್ಕಳು.

ಅವನು ಯಾರನ್ನೂ ಬಯ್ಯಲಾರದೆ ಅವಳ ಚೀಲ ಹೊತ್ತು ಒಳಗೆ ಹೋದ.

ಮರುದಿನ ಇಂಜಿನಿಯರ್ ಆ ಗರಸಿನ ಮೇಲೇ ನಿಂತು ಕೇಳಿದರು, “ಗುಂಡೀನ ಇಲ್ಲಲ್ರಿ, ಏನಂತ ಬರೀಲಿ?”

“ಅಗದು ತೋರಿಸ್ತೀನ್ರಿ” ಎಂದ ಪಾಲಾಕ್ಷ.

“ಅಗದ್ರ ಅದು ನೀವ ತೋಡಿದ್ದಾಗ್ತೈತಿ.”

“ಹಂಗಾರ ಗಾಡಿ ರಿಪೇರಿ ಮಾಡಿಸ್ಲೇನ್ರಿ?”

“ಅರ್ಜಿ ತೀರ್ಮಾನ ಆಗೋತನಕ ಮುಟ್ಟಬ್ಯಾಡ್ರಿ.”

ಅಷ್ಟು ಹೇಳಿ ಸಾಹೇಬರು ಜೀಪು ಹತ್ತಿ ಹೋದರು. ಕಾರು ಇನ್ನೂ ಮನೆ ಮುಂದೆ ನಿಂತೇ ಇದೆ.