ಎರಡು ಗೀಟು, ಒಂದು ಚುಕ್ಕೆ

"ಯಾರೂ ತೊಡದ ಒಂದು ಅಂಗಿಗೆ ಎಂತಕ್ಕೆ ಮಗಾ ಒಂದು ಗುರುತು? ಆ ಗುರುತನ್ನು ಏಜೆಂಟರ ಮನೆಗೆ ಹಾಕುವ," ಎಂದು ಶೀನ ಕೇರುಬೀಜದ ಮಸಿಯಲ್ಲಿ ಮುಳ್ಳು ಅದ್ದಿದ. ಸೊಸೆ ಸುಗಂಧಿ ಒಗೆದ ಬಟ್ಟೆಯ ಗಂಟು ಎತ್ತಿಕೊಂಡಳು.

ಕಾಪುವಿನಲ್ಲಿ ಅವರು ಬಟ್ಟೆ ಒಗೆಯುವ ಪ್ರತಿ ಮನೆಗೂ ಒಂದು ಸಂಖ್ಯೆ. ಹತ್ತಕ್ಕೊಂದು ಗೀಟು, ಒಂದಕ್ಕೊಂದು ಚುಕ್ಕೆ. ಕಾಲರಿನ ಒಳಗೆ ಹಾಕಿದರೆ ಅಂಗಿ ಹರಿದರೂ ಅಳಿಯದು. ಮನೆಗಳು ಹೆಚ್ಚಿದಂತೆ ಗುರುತು ಉದ್ದವಾಗಿ, ಚುಕ್ಕೆಗಳು ಒಂದಕ್ಕೊಂದು ಅಂಟಿ, ಯಾರದ್ದೋ ಬಟ್ಟೆ ಯಾರಿಗೋ ಹೋಗತೊಡಗಿತ್ತು. ಹೊಸದಾಗಿ ಬಂದ ಬಸ್ ಏಜೆಂಟ್ ಕಜೆಟನ್ನರಿಗೆ ನಲವತ್ತೊಂಬತ್ತು ಬರೆಯಬೇಕಿತ್ತು. ಇಪ್ಪತ್ತೊಂದಾದರೆ ಎರಡೇ ಗೀಟು, ಒಂದೇ ಚುಕ್ಕೆ, ಕಣ್ಣಿಗೆ ಸಲೀಸು. ಆದರೆ ಅದು ಭುಜಂಗನ ಮನೆಯದು. ಹೆಂಚು ಸಾಗಿಸುವ ಮಂಜಿಯಲ್ಲಿ ಗುಮಾಸ್ತನಾಗಿದ್ದ ಅವನು ಕಳೆದ ಮಳೆಗಾಲದ ಮೊದಲ ಗಾಳಿಗೆ ಹಡಗಿನೊಂದಿಗೇ ಮುಳುಗಿದ್ದ. ಹೆಣ ಸಿಕ್ಕಿರಲಿಲ್ಲ. ಹೆಂಡತಿ ಪ್ರಫುಲ್ಲಾ ಮಾತ್ರ ಪೆಟ್ಟಿಗೆಯಲ್ಲಿ ಉಳಿದ ಅವನ ಅಂಗಿಯನ್ನು ವಾರವಾರವೂ ಒಗೆಯಲು ಕೊಡುತ್ತಿದ್ದಳು.

ಇನ್ನು ಕೊಡುವುದು ಬೇಡವೆಂದು ಹೇಳಲು ಮಾವ ಕಳಿಸಿದ್ದ. ದಾರಿಯುದ್ದಕ್ಕೂ ಸುಗಂಧಿ ಆ ಮಾತನ್ನು ಮೆತ್ತಗೆ ಮಾಡಿಕೊಳ್ಳುತ್ತ ಹೋದಳು. ಪ್ರಫುಲ್ಲಾಳ ಕೈಗೆ ಅಂಗಿ ಕೊಟ್ಟು, ಅದರ ಗುರುತು ಬೇರೆ ಮನೆಗೆ ಬೇಕಾಗಿದೆಯೆಂದು ಹೇಗೋ ಹೇಳಿದಳು.

ಪ್ರಫುಲ್ಲಾ ದನಿ ಏರಿಸಲಿಲ್ಲ. "ಅವತ್ತು ಇವರ ಮೈಮೇಲೆ ಇದ್ದದ್ದಕ್ಕೂ ಇದೇ ಗುರುತು ಅಲ್ವಾ? ಎಲ್ಲಾದರೂ ದಡಕ್ಕೆ ಬಂದರೆ ಮುಖ ನೋಡಿ ಗೊತ್ತಾಗ್ಲಿಕ್ಕುಂಟಾ, ಸುಗಂಧಿ? ಕಂಡವರು ಅಂಗಿ ಹಿಡ್ಕೊಂಡು ನಿಮ್ಮಲ್ಲಿಗೇ ಬರ್ತಾರೆ. ಆಗ ನೀವು ಯಾರ ಮನೆ ತೋರಿಸ್ತೀರಿ?"

ಸುಗಂಧಿ ಮರಳಿದಾಗ ಜಗಲಿಯಲ್ಲಿ ಏಜೆಂಟರ ಅಂಗಿಗಳು ಸಾಲಾಗಿ ಹರಡಿದ್ದವು. ಎಲ್ಲದರ ಕಾಲರಿನಲ್ಲೂ ಎರಡು ಗೀಟು, ಒಂದು ಚುಕ್ಕೆ. ಯಾವ ಸಾಬೂನಿಗೂ ಹೋಗುವ ಮಸಿಯಲ್ಲ ಅದು. ಅವಳು ಮಾವನ ಕೈಯಿಂದ ಮುಳ್ಳು ತೆಗೆದುಕೊಂಡು, ಒಂದೊಂದು ಗುರುತಿನ ಸುತ್ತಲೂ ಬಳೆಯಂತೆ ಒಂದು ದುಂಡು ಗೆರೆ ಎಳೆದಳು.

"ಏಜೆಂಟರು ಕೇಳಿದರೆ?"

"ಹೊಸ ಮನೆಗೆ ಹೊಸ ಗುರುತು ಅಂತ ಹೇಳಿ, ಮಾವ."

ಪ್ರಫುಲ್ಲಾ ಹೇಳಿದ್ದನ್ನು ಆಮೇಲೆ ತಿಳಿಸಿದಳು. ಶೀನ ಕೊನೆಯ ಅಂಗಿಯನ್ನೆತ್ತಿ ಮಸಿ ಆರುವಂತೆ ಊದಿದ.

ಮುಂದಿನ ವಾರವೂ ಭುಜಂಗನ ಅಂಗಿ ಬಂತು. ಒಗೆದೊಗೆದು ಕಾಲರು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಸುಗಂಧಿ ಅದನ್ನು ಕಲ್ಲಿಗೆ ಬಡಿಯಲಿಲ್ಲ. ನೀರಿಗೆ ಅದ್ದಿ ಎತ್ತಿ, ನೆರಳಲ್ಲಿ ಆರಿಸಿ ಒಯ್ದಳು. ಪ್ರಫುಲ್ಲಾ ಮಡಿಕೆ ಬಿಚ್ಚಲಿಲ್ಲ. ಕಾಲರನ್ನಷ್ಟೇ ಮಗುಚಿ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಒಳಗೆ ಹೋದಳು.